257 ಮಾತ್ರ ಸರಿ ಬಂತು

ಕಳೆದ ತಿಂಗಳು ಒಬ್ಬ ಹೆಣ್ಣುಮಗಳನ್ನು ಆಫೀಸಿನಲ್ಲಿ ಎಲ್ಲರೆದುರು ಬೈದೆ. ತಪ್ಪು ನನ್ನದು. ಹೇಳಲು ನಾಚಿಕೆ. ಆದರೂ ಓದುಗರಾದ ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ಮಾಜಿವಾಡಾದ ನಮ್ಮ ಫ್ಯಾಕ್ಟರಿಗೆ ಹೊಸ ಕಂಪ್ಯೂಟರ್ ಬಂದಿದೆ. ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಕಾರ್ಮಿಕರ ಟೋಕನ್ ನಂಬರುಗಳನ್ನು ಟೇಪಿನಲ್ಲಿ ತಂದು ಹೊಸದಕ್ಕೆ ಹಾಕುವ ಪ್ರೋಗ್ರಾಮ್ ನನ್ನದು. (ಡೊಂಬಿವಲಿಯ ನಮ್ಮ ಬಿಲ್ಡಿಂಗಿನವರು ನನ್ನನ್ನು ‘ಕಂಪ್ಯೂಟರ್‌ವಾಲೆ’ ಎನ್ನುತ್ತಾರೆ. ಕೇಳಿ ಹಿಗ್ಗುತ್ತೇನೆ.) ಟೆಸ್ಟ್ ಮಾಡಲು ನನ್ನದೇ ಟೋಕನ್ 257 ಹಾಕಿದೆ. 257 ಎಂದೇ ಬಂತು. ಇನ್ನೇನು ಬೇಕು?

ಮರುದಿನ ಪೂರ್ತಿ ಪಟ್ಟಿ ಪ್ರಿಂಟ್ ಆಯಿತು. 258 ಇರಬೇಕಾದಲ್ಲಿ 513! ಉಳಿದವೂ ಹೀಗೇ ಅಡ್ಡಾದಿಡ್ಡಿ. ನನ್ನ ನಂಬರ್ ಸರಿಯಿದೆ, ಅಂದಮೇಲೆ ಪ್ರೋಗ್ರಾಮ್ ಸರಿಯಿದೆ. ತಪ್ಪೆಲ್ಲ ಟೈಪ್ ಮಾಡಿದವಳದೇ.

ಅವಳು ಸುಮತಿ. ಉಡುಪಿ ಕಡೆಯವಳು, ಕಲ್ಯಾಣದಿಂದ ಬರುತ್ತಾಳೆ. ಕೆಲಸ ಆ ತಿಂಗಳೇ ಪರ್ಮನೆಂಟ್ ಆಗಬೇಕಿತ್ತು.

“ನನ್ನ ಮೆಷಿನಲ್ಲಿ ಸರಿಯೇ ಕಾಣ್ತದೆ ಸರ್. ಒಮ್ಮೆ ಬಂದು ನೋಡ್ತೀರಾ?” ಎಂದಳು.

ಅವಳ ಮೇಜು ಹತ್ತು ಹೆಜ್ಜೆ ದೂರ. ನಾನು ಏಳಲಿಲ್ಲ. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ಮನುಷ್ಯರೇ ಹೇಳುವುದು ಎಂದು ಎಲ್ಲರಿಗೂ ಕೇಳುವಂತೆ ಅಂದೆ. ಅಷ್ಟನ್ನೂ ಮತ್ತೆ ಟೈಪ್ ಮಾಡಿಸಿದೆ. ಎರಡು ದಿನ ಹಿಡಿಯಿತು. ಮತ್ತೆ ಅದೇ 513.

ಆಮೇಲೆ ಬಂದ ಸರ್ವಿಸ್ ಇಂಜಿನಿಯರ್ ಚಹಾ ಕುಡಿಯುತ್ತ ವಿಷಯ ಬಿಡಿಸಿದ. ಇಂಥ ಸಂಖ್ಯೆಯನ್ನು ಕಂಪ್ಯೂಟರ್ ಎರಡು ತುಂಡು ಮಾಡಿ ಇಡುತ್ತದಂತೆ: ಅದರಲ್ಲಿ 256 ಎಷ್ಟು ಸಲ ಇದೆ ಎಂಬುದು ದೊಡ್ಡ ತುಂಡು, ಮಿಕ್ಕಿದ್ದು ಚಿಕ್ಕದು. ಹಳೆಯ ಮೆಷಿನ್ ದೊಡ್ಡ ತುಂಡನ್ನು ಮೊದಲು ಇಡುತ್ತದೆ, ಹೊಸದು ಚಿಕ್ಕದನ್ನು. ಯಾವುದು ಸರಿ ಎಂದು ದೊಡ್ಡ ದೊಡ್ಡ ತಜ್ಞರೇ ಜಗಳವಾಡುತ್ತಿದ್ದಾರಂತೆ. 258 ಅಂದರೆ ಒಂದು 256, ಮಿಕ್ಕಿದ್ದು ಎರಡು; ತಿರುಗಿದರೆ ಎರಡು 256, ಮಿಕ್ಕಿದ್ದು ಒಂದು, ಅಂದರೆ 513. ನನ್ನ 257ರಲ್ಲಿ ಎರಡು ತುಂಡೂ ಒಂದೇ, ಎತ್ತ ತಿರುಗಿಸಿದರೂ 257.

ಪ್ರೋಗ್ರಾಮಿಗೆ ಸದ್ದಿಲ್ಲದೆ ಎರಡು ಸಾಲು ಸೇರಿಸಿದೆ. ಪಟ್ಟಿ ಸರಿಯಾಯಿತು.

“ಈ ಸಲ ನಾನು ಹೊಡೆದದ್ದು ಸರಿ ಉಂಟಲ್ಲ ಸರ್?” ಎಂದು ಸುಮತಿ ಕೇಳಿದಳು.

ಹೂಂ ಎಂದೆ. ಅಷ್ಟೇ. ಅವಳು ಮೊದಲ ಸಲವೂ ಸರಿಯಾಗಿಯೇ ಹೊಡೆದಿದ್ದಳು ಎನ್ನಲು ನಾಲಿಗೆ ಏಳಲಿಲ್ಲ.

ತಜ್ಞರ ಜಗಳ ಎಂದೋ ಒಂದು ದಿನ ಮುಗಿದೀತು. ಎರಡು ಮೆಷಿನ್‌ಗಳಿಗೆ ಹೊಂದಾಣಿಕೆಯಾಗದಿದ್ದರೆ ನಾವು ಮೊದಲು ಹಿಡಿಯುವುದು ಯಾರ ಕುತ್ತಿಗೆ? ತಿರುಗಿ ಮಾತಾಡದವರದ್ದು ತಾನೇ?

ಮೊನ್ನೆ ಆರ್ಡರ್ ಬಂತು. ಸುಮತಿಯ ಪರ್ಮನೆಂಟ್ ಆರು ತಿಂಗಳು ಮುಂದಕ್ಕೆ. ಕಾರಣ: ಟೈಪಿಂಗಿನಲ್ಲಿ ತಪ್ಪು ಹೆಚ್ಚು. ಮ್ಯಾನೇಜರ್ ಸಾಹೇಬರ ಕ್ಯಾಬಿನ್ ಬಾಗಿಲಿಗೆ ಮೂರು ಸಲ ಹೋದೆ, ಮೂರು ಸಲವೂ ಹಿಂದಕ್ಕೆ ಬಂದೆ. ಕೊನೆಗೆ ತಪ್ಪೊಪ್ಪಿಗೆಯನ್ನು ಈ ಅಂಕಣದಲ್ಲಿ ಬರೆದಿದ್ದೇನೆ. ಸಾಹೇಬರು ಮರಾಠಿಯವರು, ಕನ್ನಡ ಓದಲು ಬರುವುದಿಲ್ಲ.

ಬರುತ್ತಿದ್ದರೆ ಬರೆಯುತ್ತಿದ್ದೆನೇ?