ಲಿಪಿಯ ಬಾಯಿಗೆ ಸುಳ್ಳು ತುರುಕದವರು: ಡಾ. ಹೆಸ್ಟರ್ ಥರ್ಲ್‌ವೆಲ್

ಆಂಗ್ಲೋ-ಸ್ಯಾಕ್ಸನ್ ರೂನ್ ಲಿಪಿಯನ್ನು ಓದಬಲ್ಲ ವಿದ್ವಾಂಸರು ನಮ್ಮ ದೇಶದ ವಿಶ್ವವಿದ್ಯಾಲಯಗಳಲ್ಲಿ ಹಲವರಿದ್ದಾರೆ, ಅವರಲ್ಲಿ ಕೆಲವರ ಕೀರ್ತಿ ಸಮುದ್ರದಾಚೆಗೂ ಹಬ್ಬಿದೆ. ಆದರೆ ಆ ಲಿಪಿ ಹೇಳಿದ್ದನ್ನಷ್ಟೇ ತಾವು ಹೇಳಿ, ಅದು ಹೇಳದ್ದನ್ನು ಹೇಳಿಸಲು ಬಂದವರನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಕಳುಹಿಸಿದವರು ಯಾರೆಂದು ಕೇಳಿದರೆ, ನಾರ್ಥಂಬರ್ಲೆಂಡ್ ಕರಾವಳಿಯ ನಮ್ಮ ಕಾರ್ಬರ್ನ್ ಊರಿನವರು ಒಂದೇ ಹೆಸರು ಹೇಳುತ್ತಾರೆ. ಕೆಲವರು ಅಭಿಮಾನದಿಂದ ಹೇಳುತ್ತಾರೆ, ಕೆಲವರು ಇಂದಿಗೂ ಹಲ್ಲು ಕಡಿಯುತ್ತ ಹೇಳುತ್ತಾರೆ. ಮೂವತ್ತೆಂಟು ವರ್ಷ ಕಾರ್ಬರ್ನ್ ವಸ್ತುಸಂಗ್ರಹಾಲಯದ ಪಾಲಕರಾಗಿದ್ದು ಈ ತಿಂಗಳು ನಿವೃತ್ತರಾಗುತ್ತಿರುವ ಪೂಜ್ಯ ಡಾ. ಹೆಸ್ಟರ್ ಥರ್ಲ್‌ವೆಲ್ ಅವರ ಗೌರವಾರ್ಥ ಹೊರಡುತ್ತಿರುವ ಈ ಸಂಪುಟಕ್ಕೆ ಲೇಖನ ಕೇಳಿದಾಗ, ೧೯೯೪ರ ಪ್ರಸಂಗವನ್ನು ‘ಕೆಲವು ಭಿನ್ನಾಭಿಪ್ರಾಯಗಳು’ ಎಂದು ಒಂದು ಸಾಲಿನಲ್ಲಿ ಮುಗಿಸಿದರೆ ಒಳಿತೆಂದು ಸಂಪಾದಕ ಮಿತ್ರರು ಸೂಚಿಸಿದ್ದರು. ಅವರ ಸೌಜನ್ಯಕ್ಕೆ ನಮಸ್ಕಾರ. ನಾನು ಮುಗಿಸಲಾರೆ.

ಈ ಸಂಪುಟದಲ್ಲಿ ಬರೆಯುವ ಇತರರಂತೆ ನಾನು ಪ್ರಾಧ್ಯಾಪಕಿಯಲ್ಲ. ಥೆಲ್ಮಾ ಡಾಡ್ಸ್ ಎಂಬ ನಾನು ಕಾರ್ಬರ್ನಿನ ಶನಿವಾರದ ಸಂತೆಯಲ್ಲಿ, ಹೊಗೆಯಾಡಿಸಿದ ಕಿಪ್ಪರ್ ಮೀನಿನ ಅಂಗಡಿಗೂ ಉಣ್ಣೆಯ ಅಂಗಡಿಗೂ ನಡುವೆ ನೇರಳೆ ಬಣ್ಣದ ಗುಡಾರ ಹಾಕಿಕೊಂಡು, ರೂನ್ ಬಿಲ್ಲೆಗಳನ್ನು ಬಟ್ಟೆಯ ಮೇಲೆ ಚೆಲ್ಲಿ ಕಣಿ ಹೇಳುತ್ತಿದ್ದವಳು. ೧೯೮೭ರ ಅಕ್ಟೋಬರ್ ತಿಂಗಳಲ್ಲಿ, ಗಾಳಿಗೆ ಗುಡಾರದ ಹಗ್ಗ ಕಿತ್ತುಬರುತ್ತಿದ್ದ ಒಂದು ಬೆಳಗ್ಗೆ, ಕೆಸರಿನ ಬೂಟು ತೊಟ್ಟ ಎತ್ತರದ ಹೆಂಗಸೊಬ್ಬರು ಬಂದು ನನ್ನೆದುರಿನ ಮಣೆಯ ಮೇಲೆ ಕುಳಿತರು. ಪಾಲಕರೆಂದು ಮುಖಪರಿಚಯವಿತ್ತು. ನಾನು ವಾಡಿಕೆಯಂತೆ ಬಿಲ್ಲೆ ಚೆಲ್ಲಿ ಮೂರನ್ನು ಆರಿಸಲು ಹೇಳಿದೆ. ಅವರು ಆರಿಸಿದ ಮೂರರಲ್ಲಿ ಒಂದು ಖಾಲಿ ಬಿಲ್ಲೆ.

“ಇದರಲ್ಲಿ ಏನೂ ಬರೆದೇ ಇಲ್ವಲ್ಲಮ್ಮ?”

“ಅದು ವಿಧಿ. ವಿಧಿಗೆ ಅಕ್ಷರ ಇರಲ್ಲ.”

“ವಿಧಿ ಅಲ್ಲ ತಾಯಿ, ಕಾರ್ಖಾನೆಯ ಅಚ್ಚಲ್ಲಿ ಒಂದು ಉಳ್ಕೊಂಡಿತ್ತು, ಡಬ್ಬಕ್ಕೆ ಹಾಕಿ ಅದನ್ನೂ ಮಾರಿದಾರೆ. ಎಷ್ಟು ವರ್ಷದಿಂದ ಓದ್ತಿದೀಯ ಇದನ್ನ?”

ನಾಲ್ಕು ವರ್ಷ ಎಂದೆ. ನಾಲ್ಕು ವರ್ಷವಾದರೂ ಓದಲು ಬಂದಿಲ್ಲವಲ್ಲ, ಗುರುವಾರ ಸಂಜೆ ಮೆಥಡಿಸ್ಟ್ ಪಂಥದ ಪ್ರಾರ್ಥನಾಮಂದಿರವಾದ ಚಾಪೆಲ್ಲಿನ ಸಭಾಂಗಣಕ್ಕೆ ಬಂದರೆ ಕಲಿಸುತ್ತೇನೆ ಎಂದು ಹೇಳಿ ಎದ್ದುಹೋದರು. ಮೈಯೆಲ್ಲ ಉರಿದುಹೋಯಿತು. ಗುರುವಾರ ನಾನು ಅಲ್ಲಿಗೆ ಹೋದದ್ದು ಕಲಿಯಲಿಕ್ಕಲ್ಲ, ಜಗಳ ಕಾಯಲಿಕ್ಕೆ.

ಜಗಳಕ್ಕೆ ಅವರು ಅವಕಾಶ ಕೊಡಲಿಲ್ಲ. ಆರು ಜನ ವಿದ್ಯಾರ್ಥಿಗಳು. ಅವರಲ್ಲೊಬ್ಬ ಕಟುಕ, ಒಬ್ಬಳು ದೀಪಸ್ತಂಭದ ಕಾವಲುಗಾರನ ವಿಧವೆ. ಸಮುದ್ರ ದಾಟಿ ಬಂದ ಜನ ಈ ಲಿಪಿಯನ್ನು ಐದನೆಯ ಶತಮಾನದ ಹೊತ್ತಿಗೆ ಈ ನೆಲಕ್ಕೆ ತಂದದ್ದು, ಇಪ್ಪತ್ತನಾಲ್ಕು ಅಕ್ಷರ ಸಾಲದೆ ಇಲ್ಲಿನ ಉಚ್ಚಾರಕ್ಕೆ ತಕ್ಕಂತೆ ಇಪ್ಪತ್ತೆಂಟಕ್ಕೂ ಅದರಾಚೆಗೂ ಬೆಳೆಸಿಕೊಂಡದ್ದು, ಬಾಚಣಿಗೆಯ ಮೇಲೂ ಕತ್ತಿಯ ಮೇಲೂ ನಾಣ್ಯದ ಮೇಲೂ ಕೊರೆದದ್ದು, ಕ್ರೈಸ್ತ ಸಂನ್ಯಾಸಿಗಳು ಕೂಡ ಇದನ್ನು ತಳ್ಳಿಹಾಕದೆ ಸತ್ತವರ ಆತ್ಮಕ್ಕಾಗಿ ಪ್ರಾರ್ಥಿಸಿರೆಂದು ಶಿಲುಬೆಗಲ್ಲುಗಳ ಮೇಲೆ ಕೆತ್ತಿಸಿದ್ದು, ಹನ್ನೊಂದನೆಯ ಶತಮಾನ ಮುಗಿಯುವಷ್ಟರಲ್ಲಿ ಓದುವವರಿಲ್ಲದೆ ಅದು ಮೌನವಾದದ್ದು, ಇಷ್ಟನ್ನೂ ಅವರು ನೆರೆಮನೆಯ ಸುದ್ದಿಯಂತೆ ಹೇಳಿದರು.

ಹಾಗಾದರೆ ಕಣಿ? ಬಾಯಿಬಿಟ್ಟು ಕೇಳಿದವಳು ನಾನೇ. ಅವರು ಉತ್ತರಿಸಿದ್ದು ಹೀಗೆ: ಪ್ರಾಚೀನ ಜರ್ಮನ್ ಜನ ಹಣ್ಣಿನ ಮರದ ಕೊಂಬೆಯನ್ನು ತುಂಡರಿಸಿ, ಗುರುತು ಹಾಕಿ, ಬಿಳಿಯ ಬಟ್ಟೆಯ ಮೇಲೆ ಚೆಲ್ಲಿ ಮೂರನ್ನು ಎತ್ತಿಕೊಂಡು ಶಕುನ ನೋಡುತ್ತಿದ್ದರೆಂದು ಒಬ್ಬ ರೋಮನ್ ಬರಹಗಾರ ಬರೆದಿದ್ದಾನೆ. ಆದರೆ ಆ ಗುರುತುಗಳು ರೂನ್ ಅಕ್ಷರಗಳೆಂದು ಆತ ಹೇಳಿಲ್ಲ, ಆತ ಬರೆದ ಕಾಲದ ರೂನ್ ಶಾಸನವೆಂದು ಖಚಿತವಾಗಿ ಹೇಳಬಹುದಾದದ್ದು ಒಂದೂ ಸಿಕ್ಕಿಲ್ಲ. ‘ರೂನ್’ ಎಂಬ ಮಾತಿಗೆ ಗುಟ್ಟು ಎಂಬ ಅರ್ಥವಿದ್ದದ್ದು ನಿಜ, ಜನ ಚೀಟಿ ಹಾಕುತ್ತಿದ್ದದ್ದೂ ನಿಜ. ಈ ಎರಡು ನಿಜಗಳನ್ನು ಸೇರಿಸುವ ದಾರ ಮಾತ್ರ ಕಳೆದ ನೂರು ವರ್ಷಗಳಲ್ಲಿ ನೇಯ್ದದ್ದು. ಅಂದು ಅವರು ನನ್ನತ್ತ ನೋಡದೆ, ನನ್ನನ್ನು ನಗೆಗೀಡು ಮಾಡದೆ ಇದನ್ನು ಹೇಳಿದ ರೀತಿಯನ್ನು ನಾನು ಮರೆತಿಲ್ಲ. ಮುಂದಿನ ಗುರುವಾರವೂ ಹೋದೆ.

೧೯೯೦ರಲ್ಲಿ ಊರಿನ ಕೆಲವು ಗಣ್ಯರಿಗೆ ನನ್ನ ಗುಡಾರ ಕಣ್ಣುಕಿಸುರಾಯಿತು. ಸಂತೆಯ ಸಮಿತಿಗೆ ಅರ್ಜಿ ಹೋಯಿತು. ಇದು ವಂಚನೆಯೆಂದು ಬರೆದುಕೊಡಲು ಡಾ. ಥರ್ಲ್‌ವೆಲ್ ಅವರನ್ನು ಕೇಳಲಾಯಿತು. ಅವರ ಉತ್ತರ ಸಮಿತಿಯ ಕಡತದಲ್ಲಿ ಇಂದಿಗೂ ಇದೆ. ಈಕೆ ಮಾಡುವುದು ಪ್ರಾಚೀನವಲ್ಲವೆಂದು ಬರೆದುಕೊಡಬಲ್ಲೆ, ಮಾಡಕೂಡದೆಂದು ಬರೆದುಕೊಡಲಾರೆ, ನಿನ್ನೆ ಹುಟ್ಟಿದ್ದಕ್ಕೂ ಈ ಊರಿನಲ್ಲಿ ಜಾಗವಿದೆ ಎಂದು ಅದರಲ್ಲಿದೆ. ಅಷ್ಟು ಸಾಲದೆಂಬಂತೆ ಮರುಶನಿವಾರ ನಮ್ಮ ಕಡೆಯ ದಪ್ಪನೆಯ ಸ್ಟಾಟಿ ರೊಟ್ಟಿಯಲ್ಲಿ ಬಟಾಣಿಯ ಗೊಜ್ಜು ಹಚ್ಚಿಸಿಕೊಂಡು ಬಂದು, ಸಂತೆ ಮುಗಿಯುವವರೆಗೆ ನನ್ನ ಗುಡಾರದ ಬಾಯಲ್ಲೇ ಕುಳಿತರು. ಗುಡಾರ ಕೀಳಿಸಲು ಬಂದ ಇಬ್ಬರು ಅವರನ್ನು ಕಂಡು, ಹವೆಯ ವಿಚಾರ ಮಾತಾಡಿ ಹೊರಟುಹೋದರು. ಅವರು ನನಗೆ ವಿಧಿಸಿದ ಷರತ್ತು ಒಂದೇ: ‘ಈ ಪದ್ಧತಿ ನಮ್ಮ ಶತಮಾನದ್ದು’ ಎಂಬ ಹಲಗೆ ತೂಗುಹಾಕಬೇಕು. ಹಾಕಿದೆ. ಗಿರಾಕಿಗಳು ಅದನ್ನು ಓದಿ, ತಲೆಯಾಡಿಸಿ, ಒಳಗೆ ಬಂದು ಕುಳಿತುಕೊಳ್ಳುತ್ತಿದ್ದರು.

ಇನ್ನು ಆ ಪ್ರಸಂಗ. ೧೯೯೪ರ ವಸಂತದಲ್ಲಿ ಊರಾಚೆಯ ಹೊಲವೊಂದನ್ನು ಉಳುವಾಗ ನಡುವೆ ತೂತಿದ್ದ ಮೂಳೆಯ ಬಿಲ್ಲೆಯೊಂದು ಸಿಕ್ಕಿತು. ಅದರ ಮೇಲೆ ನಾಲ್ಕು ರೂನ್ ಅಕ್ಷರಗಳು. ಎರಡು ಸ್ಪಷ್ಟ, ಎರಡು ಸವೆದವು. ತೂತಿನ ಅಂಚಿನ ಸವಕಳಿಯನ್ನು ನೋಡಿ, ನೂಲುವ ತಕಲಿಯ ತುದಿಗೆ ಭಾರಕ್ಕಾಗಿ ಹಾಕುವ ಬಿಲ್ಲೆಯಿದೆಂದು ಡಾ. ಥರ್ಲ್‌ವೆಲ್ ಹೇಳಿದರು. ಅಕ್ಷರಗಳ ವಿಷಯದಲ್ಲಿ ನಾಲ್ಕು ತಿಂಗಳು ಓರೆಬೆಳಕಿನಲ್ಲಿ ನೋಡಿ ನೋಡಿ, ಕೊನೆಗೆ ತಿಳಿಯದು ಎಂದರು.

ಅದೇ ಹೊತ್ತಿಗೆ ಸಂಗ್ರಹಾಲಯದ ಧರ್ಮದರ್ಶಿ ಮಂಡಳಿಯು ಜೂಲಿಯನ್ ಪ್ರಿಂಗಲ್ ಎಂಬ ಸಲಹೆಗಾರರನ್ನು ದಕ್ಷಿಣದಿಂದ ಕರೆಸಿತ್ತು. ಮೀನುಗಾರಿಕೆ ಕುಸಿದು ದೋಣಿಗಳು ದಡ ಸೇರಿದ್ದ ಕಾಲವದು. ಪ್ರವಾಸಿಗರನ್ನು ಸೆಳೆಯಲು ‘ವಿಧಿಯ ಮನೆ’ ಎಂಬ ಭವ್ಯ ಕೇಂದ್ರ ಕಟ್ಟಬೇಕು, ಅದರ ನಡುವೆ ಈ ಬಿಲ್ಲೆ ಇರಬೇಕು, ಅದು ಆಂಗ್ಲೋ-ಸ್ಯಾಕ್ಸನ್ ಪೂಜಾರಿಣಿ ಭವಿಷ್ಯ ನುಡಿಯುತ್ತಿದ್ದ ಬಿಲ್ಲೆಯಾಗಿರಬೇಕು ಎಂಬುದು ಅವರ ಯೋಜನೆ. ಸವೆದ ಅಕ್ಷರಗಳ ಜಾಗದಲ್ಲಿ ತಮಗೆ ಬೇಕಾದ ಎರಡನ್ನು ಕೂರಿಸಿದರೆ ‘ವಿಧಿಯ ಚೀಟಿ’ ಎಂಬರ್ಥದ ಹಳೆಯ ಪದವಾಗುತ್ತದೆ ಎಂದು ಅವರು ಕಂಡುಕೊಂಡಿದ್ದರು. ಬೇರೆ ಎರಡನ್ನು ಕೂರಿಸಿದರೆ ಯಾರದೋ ಹೆಸರಿನ ತುಂಡಾಗುತ್ತಿತ್ತು. ಅದು ಅವರಿಗೆ ಬೇಡವಾಗಿತ್ತು.

ಕೇಕ್ ಹಿಡಿದುಕೊಂಡು ಪ್ರಿಂಗಲ್ ನಮ್ಮ ಮನೆಗೂ ಬಂದರು. ನಿಮ್ಮಜ್ಜಿ ಗುಟ್ಟಾಗಿ ಏನಾದರೂ ಹೇಳಿಕೊಟ್ಟಿರಬೇಕಲ್ಲವೇ ಎಂದು ವಿನಯದಿಂದ ವಿಚಾರಿಸಿದರು.

“ಹೆರಿಂಗ್ ಮೀನು ಸೀಳೋದು ಹೇಳಿಕೊಟ್ಟಿದ್ಲು,” ಎಂದೆ.

ಅವರು ನಕ್ಕು, ಸಿದ್ಧಪಡಿಸಿ ತಂದಿದ್ದ ಕಾಗದವನ್ನು ಮೇಜಿನ ಮೇಲಿಟ್ಟರು. ರೂನ್ ಕಣಿಯ ವಿದ್ಯೆ ನಮ್ಮ ಮನೆತನದಲ್ಲಿ ತಾಯಿಯಿಂದ ಮಗಳಿಗೆ ಕಡಿಯದೆ ಇಳಿದುಬಂದಿದೆ ಎಂದು ಅದರಲ್ಲಿತ್ತು. ಸಹಿ ಹಾಕಿದರೆ ಕೇಂದ್ರದಲ್ಲಿ ನನಗೆ ವರ್ಷವಿಡೀ ಬೆಚ್ಚಗಿನ ಕೋಣೆ, ಕಾಯಂ ಕೆಲಸ. ನನ್ನ ಗಂಡ ರೆಗ್ಗಿ ದೋಣಿಯಿಲ್ಲದೆ ಅಡುಗೆಮನೆಯ ಕಿಟಕಿಯ ಬಳಿ ಕೂತು ಎಂಟು ತಿಂಗಳಾಗಿತ್ತು. ಈ ಸಂಪುಟ ಓದುವ ಮಹನೀಯರು ನನ್ನನ್ನು ಏನೆಂದುಕೊಂಡರೂ ಸರಿ: ನಾನು ಸಹಿ ಹಾಕಿದೆ.

ಊರು ಚಿಕ್ಕದು, ಮರುದಿನವೇ ಡಾ. ಥರ್ಲ್‌ವೆಲ್ ಅವರಿಗೆ ತಿಳಿಯಿತು. ಮಂಡಳಿಯ ಸಭೆಯಿದ್ದ ದಿನ ಬೆಳಗ್ಗೆ ಹೇಳಿಕಳುಹಿಸಿ, ನನ್ನನ್ನು ಸಂಗ್ರಹಾಲಯದ ಕಿಟಕಿಯ ಬಳಿ ಕೂರಿಸಿ, ಬಿಲ್ಲೆಯನ್ನೂ ತಮ್ಮ ಭೂತಗನ್ನಡಿಯನ್ನೂ ಮುಂದಿಟ್ಟು ಹೊರಗೆ ಹೋದರು. ಒಂದು ಗಂಟೆ ನೋಡಿದೆ. ಪ್ರಿಂಗಲ್ ಹೇಳಿದ ಅಕ್ಷರ ಕಾಣಲಿ ಎಂದು ಬೇಡಿಕೊಂಡೇ ನೋಡಿದೆ. ಸವೆದ ಮೂಳೆ ಮಾತ್ರ ಕಂಡಿತು. ಅವರು ಬಂದು ಏನು ಕಾಣುತ್ತದೆ ಎಂದು ಕೇಳಿದರು.

“ಅವರು ಹೇಳೋದು ಕಾಣ್ತಿಲ್ಲ.”

“ನಾನು ಹೇಳೋದು?”

“ನೀವು ಏನೂ ಹೇಳೇ ಇಲ್ವಲ್ಲ.”

“ಸರಿ. ಹೋಗಿ ಊಟ ಮಾಡು, ಮುಖ ಬಿಳಚಿಕೊಂಡಿದೆ.”

ಮಧ್ಯಾಹ್ನ ಸಭೆಯಲ್ಲಿ ಊರಿನ ಅರ್ಧ ಜನ ಸೇರಿದ್ದರು. ನನ್ನ ಕಾಗದವನ್ನು ಗಟ್ಟಿಯಾಗಿ ಓದಲಾಯಿತು. ಪಾಲಕರ ಒಪ್ಪಿಗೆಯಿಲ್ಲದಿದ್ದರೆ ಅನುದಾನ ಬರುವುದಿಲ್ಲವೆಂದೂ, ಒಪ್ಪದ ಪಾಲಕರ ಹುದ್ದೆಯನ್ನು ಮಂಡಳಿ ಮರುಪರಿಶೀಲಿಸಬೇಕಾದೀತೆಂದೂ ಅಧ್ಯಕ್ಷರು ತಿಳಿಸಿದರು. ಆಮೇಲೆ ದನಿ ಮೆತ್ತಗೆ ಮಾಡಿ, ‘ಬಹುಶಃ ಕಣಿಯ ಬಿಲ್ಲೆ’ ಎಂದು ಬರೆದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಕೇಳಿದರು. ಡಾ. ಥರ್ಲ್‌ವೆಲ್ ಎದ್ದು ನಿಂತರು.

“ಎರಡು ವರ್ಷದಲ್ಲಿ ಆ ‘ಬಹುಶಃ’ ಉದುರಿಹೋಗತ್ತೆ, ಅಧ್ಯಕ್ಷರೇ. ಕೆಳಗೆ ನನ್ನ ಹೆಸರು ಮಾತ್ರ ಉಳ್ಕೊಳತ್ತೆ. ಈ ಬಿಲ್ಲೆ ಇಟ್ಕೊಂಡಿದ್ದ ಹೆಂಗಸು ಅದರ ಮೇಲೆ ಏನೋ ಬರೆಸಿದ್ಲು. ಅದೇನು ಅಂತ ನಮಗೆ ಗೊತ್ತಾಗ್ತಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ನನಗೆ ನಾಚಿಕೆ ಇಲ್ಲ. ಅವಳ ಬಾಯಿಗೆ ನಮ್ಮ ಮಾತು ತುರುಕೋಕೆ ನಾಚಿಕೆ ಆಗತ್ತೆ. ನನ್ನ ಹುದ್ದೆ ನಿಮ್ಮದು, ತಗೊಳ್ಳಿ.”

ಸಭೆ ಗುಜುಗುಟ್ಟಿತು. ಊರಿನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೀಯೆಂದು ಹಿಂದಿನಿಂದ ಯಾರೋ ಕೂಗಿದರು. ನನ್ನ ಕಾಲುಗಳು ನನ್ನನ್ನು ಕೇಳದೆಯೇ ಎದ್ದು ನಿಂತವು. ಆ ಕಾಗದ ಸುಳ್ಳು, ನಮ್ಮಜ್ಜಿಗೆ ರೂನ್ ಎಂಬ ಮಾತೇ ಗೊತ್ತಿರಲಿಲ್ಲ, ನನ್ನ ವಿದ್ಯೆ ಅಂಚೆಯಲ್ಲಿ ಡಬ್ಬದೊಳಗೆ ಬಂತು, ಜೊತೆಗೊಂದು ಪುಸ್ತಿಕೆಯಿತ್ತು ಎಂದು ಹೇಳಿದೆ. ಕೆಲವರು ನಕ್ಕರು. ಪ್ರಿಂಗಲ್ ಮಾತ್ರ ನಗಲಿಲ್ಲ.

“ಹಾಗಾದ್ರೆ ಇಷ್ಟು ವರ್ಷ ಊರಿಗೆ ಟೋಪಿ ಹಾಕಿದ್ರಿ ಅನ್ನಿ.”

“ನಾನು ಹಲಗೆ ತೂಗಿಹಾಕಿ ಹೇಳಿದೀನಿ,” ಎಂದೆ. “ನೀವು ಹಲಗೆ ಕಿತ್ತುಹಾಕಿ ಹೇಳು ಅಂತೀರ.”

ರೆಗ್ಗಿ ಬಾಗಿಲ ಬಳಿ ನಿಂತಿದ್ದ. ಮನೆಗೆ ಹೋಗುವ ದಾರಿಯಲ್ಲಿ, ಕೈಗೆ ಬಂದ ಕೆಲಸವನ್ನು ಕಳೆದ ಹೆಂಡತಿಯ ಕೋಟಿನ ಕಾಲರ್ ಸರಿಮಾಡಿದ.

‘ವಿಧಿಯ ಮನೆ’ ನಮ್ಮ ಊರಿಗೆ ಬರಲಿಲ್ಲ. ಅದರ ಬೆಲೆಯನ್ನು ಡಾ. ಥರ್ಲ್‌ವೆಲ್ ತೆತ್ತರು. ಹುದ್ದೆಯನ್ನು ವಾರಕ್ಕೆರಡು ದಿನಕ್ಕೆ ಇಳಿಸಲಾಯಿತು, ಮೇಲಂತಸ್ತಿಗೆ ಬೀಗ ಬಿತ್ತು, ರೊಟ್ಟಿ ಅಂಗಡಿಯವಳು ಒಂದು ವರ್ಷ ಅವರಿಗೆ ಶುಭೋದಯ ಹೇಳಲಿಲ್ಲ. ಅವರು ಉಳಿದ ದಿನಗಳಲ್ಲಿ ಚಾಪೆಲ್ಲಿನ ಸಭಾಂಗಣದಲ್ಲಿ ಪಾಠ ಮಾಡಿದರು. ಬಿಲ್ಲೆಯ ಕೆಳಗೆ ‘ತಕಲಿಯ ಬಿಲ್ಲೆ, ಮೂಳೆ. ನಾಲ್ಕು ಅಕ್ಷರಗಳು, ಎರಡು ಸವೆದಿವೆ. ಅರ್ಥ ತಿಳಿಯದು’ ಎಂಬ ಚೀಟಿಯನ್ನು ತಮ್ಮ ಕೈಬರಹದಲ್ಲೇ ಅಂಟಿಸಿದರು. ೧೯೯೬ರಲ್ಲಿ ನಾನು ಗುಡಾರ ಮಡಚಿ ಅವರ ಸಹಾಯಕಿಯಾದೆ. ಉತ್ತರ ಇಂಗ್ಲೆಂಡಿನ ನಲವತ್ತಮೂರು ರೂನ್ ಕಲ್ಲುಗಳ ಪಟ್ಟಿಯನ್ನು ಇಬ್ಬರೂ ಸೇರಿ ಹನ್ನೊಂದು ವರ್ಷ ತಯಾರಿಸಿದೆವು. ಮುಖಪುಟದಲ್ಲಿ ನನ್ನ ಹೆಸರನ್ನು ಮೊದಲಿಟ್ಟು, ಅಕ್ಷರಮಾಲೆಯ ಪ್ರಕಾರ ಡಾಡ್ಸ್ ಮೊದಲು ಬರುತ್ತದೆ, ಇದರಲ್ಲಿ ಔದಾರ್ಯ ಹುಡುಕಬೇಡ ಎಂದು ಗದರಿದರು. ರೆಗ್ಗಿ ಆಸ್ಪತ್ರೆಯಲ್ಲಿದ್ದ ಕೊನೆಯ ಆರು ವಾರ, ಚೆಂಡಾಟದ ತಲೆಬುಡ ತಿಳಿಯದ ಈ ವಿದುಷಿ ಪ್ರತಿ ಭಾನುವಾರ ಅವನ ಹಾಸಿಗೆಯ ಪಕ್ಕ ಕುಳಿತು ಶನಿವಾರದ ಪಂದ್ಯಗಳ ಫಲಿತಾಂಶವನ್ನು ಒಂದೂ ಬಿಡದೆ ಓದಿಹೇಳಿದರು.

೨೦೦೬ರಲ್ಲಿ ಹೊಸ ಯಂತ್ರವೊಂದರಿಂದ ಬಿಲ್ಲೆಯ ಚಿತ್ರ ತೆಗೆಯಲಾಯಿತು. ಸವೆದ ಎರಡರಲ್ಲಿ ಒಂದು ಪ್ರಿಂಗಲ್ ಕೂರಿಸಿದ ಅಕ್ಷರವಲ್ಲವೆಂದು ಖಚಿತವಾಯಿತು. ಏನೆಂಬುದು ಮಾತ್ರ ತಿಳಿಯಲಿಲ್ಲ. ನಾನು ಕುಣಿದಾಡಿದೆ. ಅವರು ಚಹಾ ಕಲಕುತ್ತ ಹೇಳಿದರು:

“ಆ ನಾಲ್ಕು ತಿಂಗಳೂ ಅದು ಅದೇ ಪದ ಆಗಿರಲಿ ಅಂತ ಅವನಿಗಿಂತ ಹೆಚ್ಚು ಆಸೆಪಟ್ಟಿದ್ದು ನಾನು ಕಣೇ. ಆಗಿದ್ದಿದ್ರೆ ರೂನ್ ಇಟ್ಟು ಕಣಿ ಕೇಳ್ತಿದ್ರು ಅನ್ನೋ ಸಾಕ್ಷಿ ಮೊದಲನೇ ಸಲ ನನ್ನ ಕೈಗೆ ಸಿಕ್ತಿತ್ತು. ಅಷ್ಟು ಆಸೆ ಇತ್ತು ಅಂತಲೇ ಒಪ್ಪಲಿಲ್ಲ.”

ಬೇರೆಯವರ ಆಸೆಯನ್ನು ಎದುರಿಸುವುದು ಅಷ್ಟು ಕಷ್ಟವಲ್ಲ. ಅಂದು ತುಂಬಿದ ಸಭೆಯಲ್ಲಿ ಅವರು ತಮ್ಮದನ್ನೂ ಎದುರಿಸಿ ನಿಂತಿದ್ದರೆಂದು ನನಗೆ ತಿಳಿಯಲು ಹನ್ನೆರಡು ವರ್ಷ ಬೇಕಾಯಿತು.

ಬೀಳ್ಕೊಡುಗೆಯ ಉಡುಗೊರೆಯಾಗಿ ಮಂಡಳಿಯು ಗೋಡೆ ಗಡಿಯಾರವನ್ನು ನಿಶ್ಚಯಿಸಿತ್ತು. ಅವರು ಅದನ್ನು ಬೇಡವೆಂದು, ತೋಟದ ಕೆಲಸಗಾರರು ಕಟ್ಟಿಕೊಳ್ಳುವಂಥ ಮೊಣಕಾಲಿನ ಮೆತ್ತೆಗಳನ್ನು ಕೇಳಿದ್ದಾರೆ. ಉತ್ತರದ ಕಣಿವೆಯ ಹಂದಿಗೂಡೊಂದರ ತಳಪಾಯದಲ್ಲಿ, ನೆಲದಿಂದ ಗೇಣೆತ್ತರದಲ್ಲಿ, ಅಕ್ಷರವಿರುವ ಕಲ್ಲೊಂದು ಕಂಡಿದೆಯಂತೆ. ಮೊಣಕಾಲೂರಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದಾರೆ. ಗೂಡಿನ ಯಜಮಾನ ಒಳಗೆ ಬಿಡುವುದಿಲ್ಲವೆಂದು ಎರಡು ಸಲ ಕಾಗದ ಬರೆದಿದ್ದಾನೆ. ಇಬ್ಬರಿಗೂ ಈ ಮಹನೀಯರ ಪರಿಚಯ ಸಾಲದು. ಅವರಿಗೆ ನೂರು ವರ್ಷದ ಆಯುಸ್ಸು, ಕಣ್ಣಿಗೆ ಬೆಳಕು, ನಾಲಗೆಗೆ ಇದೇ ಹರಿತ ದೊರೆಯಲಿ ಎಂದು ಅವರ ಶಿಷ್ಯರೆಲ್ಲರ ಪರವಾಗಿ ಹಾರೈಸುತ್ತೇನೆ. ಸೋಮವಾರ ಬೆಳಗ್ಗೆ ಏಳಕ್ಕೆ ನಾನು ಕಾರು ತರಬೇಕೆಂದು ಅಪ್ಪಣೆಯಾಗಿದೆ, ತರುತ್ತೇನೆ. ಮೆತ್ತೆ ಎರಡು ಜೊತೆ ತರಿಸಿದ್ದೇವೆ.