ಕಡೆಯ ಓಣಿಯ ನೀರು

ನಮ್ಮ ಮನೆಯ ನಳದಲ್ಲಿ ಈಗ ಹಗಲು ರಾತ್ರಿ ನೀರು ಬರುತ್ತದೆ. ಆದರೂ ನಾನು ಅಡುಗೆಮನೆಯಲ್ಲಿ ಎರಡು ತಾಮ್ರದ ಕೊಡ, ಬಚ್ಚಲಲ್ಲಿ ಒಂದು ಬ್ಯಾರಲ್ ತುಂಬಿಟ್ಟುಕೊಳ್ಳದೆ ಮಲಗುವವಳಲ್ಲ. ನಮ್ಮ ಮನೆಯವರು ದಿನಾ ನಗುತ್ತಾರೆ. "ನಳದಾಗ ನೀರು ಐತಿ, ಮತ್ತ ಕೊಡದಾಗ ಯಾತಕ್ಕ?" ಎನ್ನುತ್ತಾರೆ. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಮೂವತ್ತೈದು ವರ್ಷ ವಾರಕ್ಕೊಮ್ಮೆ ಬಂದು ಎರಡು ತಾಸು ಕೂತು ಎದ್ದು ಹೋಗುತ್ತಿದ್ದ ನೆಂಟ, ಇನ್ನು ಮೇಲೆ ಇಲ್ಲೇ ಇರುತ್ತೇನೆ ಎಂದು ಹಾಸಿಗೆ ಬಿಚ್ಚಿದರೆ ಯಾರಿಗೆ ತಾನೇ ನಂಬಿಕೆ ಬರುತ್ತದೆ?

ಇಷ್ಟನ್ನು ಹೇಳಿದ್ದು ಒಂದು ತಪ್ಪೊಪ್ಪಿಗೆಗೆ ಪೀಠಿಕೆಯಾಗಿ. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ, ಹೋಳಿಯ ಬಣ್ಣದ ದಿನ, ನಮ್ಮ ಓಣಿಯ ಹಿರಿಯರು ಕಿರಿಯರೆಲ್ಲ ಹೊತ್ತು ಮುಳುಗುವವರೆಗೂ ಬಣ್ಣದ ಮುಖ ಹೊತ್ತುಕೊಂಡು ಕಟ್ಟೆಗಳ ಮೇಲೆ ಕೂರಬೇಕಾಯಿತು. ತೊಳೆದುಕೊಳ್ಳಲು ಓಣಿಯಲ್ಲಿ ಒಂದು ತಂಬಿಗೆ ನೀರಿರಲಿಲ್ಲ. ಅದಕ್ಕೆ ಕಾರಣ ನಾನು. ಈ ಸಂಗತಿ ಯಾರಿಗೂ ಗೊತ್ತಿಲ್ಲವೆಂದು ಈ ವರ್ಷದ ಹೋಳಿಯವರೆಗೆ ನಾನು ನೆಮ್ಮದಿಯಾಗಿದ್ದೆ.

ಊರು ಯಾವುದೆಂದು ಕೇಳಬೇಡಿ. ಬೈಲಹೊಂಗಲಕ್ಕೂ ಕಿತ್ತೂರಿಗೂ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಆ ಊರಿನ ಪುರಸಭೆಯ ಕಪಾಟಿನಲ್ಲಿ ನನ್ನ ಕೈಬರಹದ ಅರ್ಜಿಗಳು ಇನ್ನೂ ಇವೆ. ಹೆಸರು ಹೇಳಿದರೆ ಯಾರಾದರೂ ಧೂಳು ಕೊಡವಿ ತೆಗೆದು ಓದಿಯಾರು. ನನ್ನ ತವರು ರಾಮದುರ್ಗ. ಅಲ್ಲಿ ನಮಗೆ ಹೊಳೆ ಇತ್ತು. ಬಣ್ಣ ಆಡಿ ಸಾಕಾದರೆ ಇಡೀ ಓಣಿ ಹೊಳೆಗೆ ಇಳಿಯುತ್ತಿತ್ತು, ಮಲಪ್ರಭೆ ಒಂದು ತಾಸು ಗುಲಾಬಿಯಾಗಿ ಹರಿದು ಮತ್ತೆ ತನ್ನ ಬಣ್ಣಕ್ಕೆ ಬರುತ್ತಿದ್ದಳು. ಹೊಳೆಗೆ ಯಾರೂ ಅರ್ಜಿ ಬರೆದದ್ದಿಲ್ಲ. ನೀರಿಗೂ ಒಂದು ವೇಳೆ, ಒಂದು ಪಾಳಿ, ಒಂದು ಚಾವಿ ಇರುತ್ತದೆಂದು ನನಗೆ ತಿಳಿದದ್ದು ಗಂಡನ ಮನೆಗೆ ಬಂದ ಮೇಲೆ.

ಈ ಕಡೆಯ ಊರುಗಳಲ್ಲಿ ವಸಂತ ಬಂದದ್ದು ಕೋಗಿಲೆಯಿಂದ ಗೊತ್ತಾಗುತ್ತದೆ ಎಂದು ಪಾಠದಲ್ಲಿ ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಅದು ಸುಳ್ಳು. ಗೊತ್ತಾಗುವುದು ಪುರಸಭೆಯ ಆಟೋದಿಂದ. ಬೇವು ಚಿಗುರುವ ಹೊತ್ತಿಗೆ ನಮ್ಮ ಪುರಸಭೆಯೂ ಚಿಗುರುತ್ತದೆ. ಮಳೆಗಾಲ ಚಳಿಗಾಲ ಸುಮ್ಮನಿದ್ದ ಆಟೋ ತಲೆಯ ಮೇಲೆ ಧ್ವನಿವರ್ಧಕ ಕಟ್ಟಿಕೊಂಡು ಓಣಿ ಓಣಿ ತಿರುಗುತ್ತದೆ. ಗಟಾರಿನ ಹೂಳು ತೆಗೆಯುತ್ತಾರೆ, ಬೀದಿನಾಯಿಗಳಿಗೆ ಸೂಜಿ ಹಾಕುತ್ತಾರೆ, ಯುಗಾದಿಗೆ ಉದ್ಯಾನದಲ್ಲಿ ರಂಗೋಲಿ ಸ್ಪರ್ಧೆ ಇದೆ, ಮಕ್ಕಳಿಗೆ ಬೇಸಿಗೆ ಶಿಬಿರ ಇದೆ, ಕಾರಂಜಿ ಸಂಜೆ ಆರಕ್ಕೆ ಹಾರುತ್ತದೆ. ಎಲ್ಲ ಒಂದೇ ಉಸಿರಿನಲ್ಲಿ. ಒಮ್ಮೆ ನಾಯಿಗಳ ಸೂಜಿ ಮತ್ತು ಮಕ್ಕಳ ಶಿಬಿರ ಎರಡೂ ಒಂದೇ ದಿನ ಒಂದೇ ಮೈದಾನದಲ್ಲಿ ಬಿದ್ದು, ನಮ್ಮ ಶಾಲೆಯ ಮಕ್ಕಳು ಹಾಡು ಕಲಿಯುವುದನ್ನು ಬಿಟ್ಟು ನಾಯಿ ಹಿಡಿಯುವುದನ್ನು ಕಲಿತು ಬಂದರು. ಆ ವರ್ಷದ ಶಿಬಿರವನ್ನು ಅವರು ಇವತ್ತಿಗೂ ನೆನೆಯುತ್ತಾರೆ.

ಆದರೆ ಓಣಿಯ ಹೆಂಗಸರೆಲ್ಲ ಒಗ್ಗರಣೆ ಸೀಯಲು ಬಿಟ್ಟು ಬಾಗಿಲಿಗೆ ಓಡಿಬರುತ್ತಿದ್ದದ್ದು ಒಂದೇ ಒಂದು ಸುದ್ದಿಗೆ: ಬಣ್ಣದ ದಿನ ನೀರು ಎಷ್ಟು ಗಂಟೆಗೆ ಬಿಡುತ್ತಾರೆ. ಪಾಳಿ ವಾರದ ಯಾವ ದಿನವೇ ಬರಲಿ, ಆ ದಿನ ಮಾತ್ರ ಊರಿಗೆಲ್ಲ ನೀರು ಬಿಡುವುದು ಪುರಸಭೆಯ ಹಳೆಯ ವಾಡಿಕೆ. ಶಿವ ಕಾಮನನ್ನು ಸುಟ್ಟ ಕಥೆಯನ್ನು ನಮ್ಮ ಪುರಾಣಗಳು ಎಷ್ಟು ರಸವತ್ತಾಗಿ ಹೇಳುತ್ತವೆ! ಹಳೆಯ ಕಾವ್ಯಗಳ ರಾಜರು ರಾಣಿಯರು ವಸಂತದಲ್ಲಿ ಜೀರ್ಕೊಳವೆ ಹಿಡಿದು ಓಕುಳಿ ಆಡಿದ್ದನ್ನು ಪುಟಗಟ್ಟಲೆ ಓದಬಹುದು. ಆ ಓಕುಳಿಯ ಹೊಂಡಕ್ಕೆ ನೀರು ತುಂಬಿದವರು ಯಾರು, ಆಟ ಮುಗಿದ ಮೇಲೆ ರಾಜನ ಕಿವಿಯ ಸಂದಿಯ ಬಣ್ಣ ತೆಗೆಯಲು ಬಿಸಿನೀರು ಕಾಯಿಸಿದವರು ಯಾರು ಎಂದು ಒಬ್ಬ ಕವಿಯೂ ಬರೆದಂತಿಲ್ಲ. ನಮ್ಮ ಊರಿನಲ್ಲಿ ಮಾತ್ರ ಅದು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಮಕ್ತುಮಸಾಬ.

ಮಕ್ತುಮಸಾಬ ಪುರಸಭೆಯಲ್ಲಿ ನೀರು ಬಿಡುವ ಕೆಲಸದವನು. ನಾನು ಸೊಸೆಯಾಗಿ ಬಂದಾಗ ಅವನೂ ಕೆಲಸಕ್ಕೆ ಹೊಸಬ, ನನ್ನದೇ ವಯಸ್ಸಿನವನು. ಎದೆಮಟ್ಟದ ಒಂದು ಕಬ್ಬಿಣದ ಚಾವಿ ಅವನ ಹೆಗಲ ಮೇಲೆ. ಪ್ರತಿ ಓಣಿಯ ಬಾಯಿಯಲ್ಲಿ ನೆಲದೊಳಗೆ ಒಂದು ಗುಂಡಿ, ಅದರ ಮೇಲೆ ಒಂದು ಮುಚ್ಚಳ. ಅವನು ಮುಚ್ಚಳ ಸರಿಸಿ, ಚಾವಿ ಇಳಿಸಿ, ಮೈಯೆಲ್ಲ ಬಾಗಿಸಿ ತಿರುವಿದರೆ ಆ ಓಣಿಗೆ ನೀರು. ಯಾವ ಓಣಿಗೆ ಎಷ್ಟು ಸುತ್ತು ಎನ್ನುವುದು ಎಲ್ಲಿಯೂ ಬರೆದಿರಲಿಲ್ಲ, ಅವನ ಕೈಗೆ ಮಾತ್ರ ಗೊತ್ತಿತ್ತು. ಅಧ್ಯಕ್ಷರು ಬಂದರು, ಹೋದರು. ಜನ ಎದ್ದು ನಿಂತು ಮಾತಾಡಿಸುತ್ತಿದ್ದದ್ದು ಮಕ್ತುಮಸಾಬನನ್ನೇ.

ಈಗ ಆ ದಿನಕ್ಕೆ ಬರುತ್ತೇನೆ. ನಮ್ಮ ಓಣಿಗೆ ಮಧ್ಯಾಹ್ನ ಎರಡಕ್ಕೆ ನೀರು ಎಂದು ಆಟೋ ಸಾರಿ ಹೋಗಿತ್ತು. ನಮ್ಮ ಕಡೆಯ ಹೆಂಗಸರಿಗೆ ಒಂದು ಖಯಾಲಿ ಇದೆ. ಹೊಸ ನೀರು ಬರುತ್ತದೆಂದು ಕಿವಿಗೆ ಬಿದ್ದರೆ ಸಾಕು, ಇದ್ದ ನೀರು ಆ ಕ್ಷಣದಲ್ಲೇ ಹಳೇ ನೀರಾಗಿಬಿಡುತ್ತದೆ. ಕೊಡ, ಹಂಡೆ, ಬ್ಯಾರಲ್ ಎಲ್ಲ ಬರಿದು ಮಾಡಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಾಗಿಲ ಮುಂದೆ ಬೋರಲು ಹಾಕಿದರೇ ಸಮಾಧಾನ. ಅವತ್ತೂ ಇಡೀ ಓಣಿ ಬೆಳಿಗ್ಗೆಯೇ ಹಳೇ ನೀರನ್ನೆಲ್ಲ ಚೆಲ್ಲಿ ನಿಶ್ಚಿಂತವಾಗಿ ಬಣ್ಣಕ್ಕೆ ಇಳಿದಿತ್ತು.

ನನ್ನ ಮೈದುನ ಬಸವರಾಜ ಹಿಂದಿನಿಂದ ಬಂದು ನನ್ನ ತಲೆಗೆ ಬೆಳ್ಳಿಬಣ್ಣ ತಿಕ್ಕಿ ಓಡಿದ್ದ. ಹೊಸ ಸೊಸೆ, ಓಣಿಯಲ್ಲಿ ಬೆನ್ನಟ್ಟುವ ಹಾಗಿಲ್ಲ. ಹಲ್ಲು ಕಚ್ಚಿ ಮಾಳಿಗೆ ಏರಿದೆ. ಒಂದು ಬಕೆಟ್ ತುಂಬ ನೇರಳೆ ಬಣ್ಣ ಕಲಸಿಟ್ಟುಕೊಂಡು ಬೇಟೆಗಾರ್ತಿಯಂತೆ ಕಾದೆ. ಎರಡಕ್ಕೆ ಸ್ವಲ್ಪ ಮೊದಲು, ಕೆಳಗೆ ಓಣಿಯ ಬಾಯಿಯಲ್ಲಿ, ನಮ್ಮ ಮನೆಯ ಮುಂದೆಯೇ, ತಲೆಗೆ ಟವೆಲ್ ಸುತ್ತಿದ ಒಬ್ಬ ಬಗ್ಗಿ ನಿಂತದ್ದು ಕಂಡಿತು. ಬಸವರಾಜನದೂ ಅದೇ ಟವೆಲ್, ಅದೇ ಬೆನ್ನು. ಬಕೆಟ್ ಬೋರಲು ಹಾಕಿದೆ. ಅವನು "ಯಾ ಅಲ್ಲಾ!" ಎಂದು ಕಣ್ಣು ಮುಚ್ಚಿಕೊಂಡು ಮುಖ ಮೇಲೆತ್ತಿದಾಗ ಕಂಡದ್ದು ಬಸವರಾಜನಲ್ಲ, ಮಕ್ತುಮಸಾಬ. ನಾನು ಬಕೆಟ್ ಸಮೇತ ಮಾಳಿಗೆಯಲ್ಲಿ ಮೆಣಸಿನಕಾಯಿ ಚೀಲಗಳ ಹಿಂದೆ ಕೂತೆ.

ಚಾವಿ ಗುಂಡಿಯಲ್ಲೇ ಉಳಿಯಿತು. ಯಾರೋ ಇಬ್ಬರು ಅವನ ಕೈ ಹಿಡಿದು ಕಣ್ಣು ತೊಳೆಸಲು ಸರಕಾರಿ ದವಾಖಾನೆಗೆ ಕರೆದೊಯ್ದರು. ಆ ವರ್ಷದ ಪಾಳಿಯಲ್ಲಿ ನಮ್ಮ ಓಣಿ ಕಡೆಯದಾಗಿ ಬಿದ್ದಿತ್ತು, ಉಳಿದ ಓಣಿಗಳಿಗೆಲ್ಲ ಆಗಲೇ ನೀರು ಬಿಟ್ಟಾಗಿತ್ತು. ನಮ್ಮ ಓಣಿಯ ಗಂಡಸರು ಒಬ್ಬರ ಮೇಲೊಬ್ಬರು ಚಾವಿಗೆ ಜೋತುಬಿದ್ದು ತಿರುವಿದರು. ನೀರು ಬರಲಿಲ್ಲ, ಎದುರಿನ ಗಟಾರು ಮಾತ್ರ ಒಮ್ಮೆ ಗೊಳ್ ಎಂದಿತು. ಹಸಿರು ಅಜ್ಜ, ನೀಲಿ ಅಜ್ಜಿ, ಬೆಳ್ಳಿಯ ಕೂದಲಿನ ನಾನು, ಎಲ್ಲರೂ ಖಾಲಿ ಕೊಡಗಳ ನಡುವೆ ಸಂಜೆಯವರೆಗೆ ಕೂತೆವು. ಹೊತ್ತು ಮುಳುಗುವಾಗ ಅವನು ಕೆಂಪು ಕಣ್ಣು ಒರೆಸಿಕೊಳ್ಳುತ್ತ ಬಂದು ನೀರು ಬಿಟ್ಟು ಹೋದ. ತಪ್ಪು ಮೇಲಿನ ಓಣಿಯ ಹುಡುಗರ ತಲೆಗೆ ಬಂತು. ಎರಡು ಓಣಿಗಳು ಯುಗಾದಿಯ ಬೇವುಬೆಲ್ಲದವರೆಗೆ ಮಾತು ಬಿಟ್ಟವು. ನಾನು ಬಾಯಿ ಬಿಡಲಿಲ್ಲ.

ಮರುವರ್ಷ ಬಣ್ಣದ ಹಿಂದಿನ ದಿನ ನಮ್ಮ ಅತ್ತೆ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದರು: "ನೀರು ಬಿಡೂತನಕ ಮಕ್ತುಮಗ ಯಾರೂ ಬಣ್ಣ ಮುಟ್ಟಸಬ್ಯಾಡ್ರಿ. ನೀರು ಬಿಟ್ಟ ಮ್ಯಾಲೆ ನಾನ ಹಚ್ಚತೇನಿ, ಹಿರೇ ಮನುಷ್ಯಾಳು."

ಅದೇ ಪದ್ಧತಿಯಾಯಿತು. ಇಡೀ ಊರು ನೆನೆದ ನವಿಲಿನಂತೆ ಕೂಗಾಡುವಾಗ ಮಕ್ತುಮಸಾಬ ಬಿಳಿ ಅಂಗಿ, ಬಿಳಿ ಪಾಯಿಜಾಮ ತೊಟ್ಟು ಹೆಗಲ ಮೇಲೆ ಚಾವಿಯಿಟ್ಟುಕೊಂಡು ಓಣಿ ಓಣಿ ದಾಟುತ್ತಿದ್ದ. ಒಂದು ಹನಿ ಅವನ ಮೇಲೆ ಬೀಳುತ್ತಿರಲಿಲ್ಲ. ಕಡೆಗೆ ನಮ್ಮ ಓಣಿಗೆ ನೀರು ಬಿಟ್ಟು, ನಮ್ಮ ಕಟ್ಟೆಯ ಮೇಲೆ ಕೂತು, ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಕೆನ್ನೆ ಮುಂದೆ ಮಾಡುತ್ತಿದ್ದ. ಅತ್ತೆ ಎರಡು ಕೆನ್ನೆಗೂ ಬಣ್ಣ ಹಚ್ಚಿ, ಕೈಗೆ ಹೋಳಿಗೆ ಕೊಡುತ್ತಿದ್ದರು. ಅಲ್ಲಿಗೆ ಬಣ್ಣ ಮುಗಿಯಿತು. ಅತ್ತೆ ಹೋದ ಮೇಲೆ ಆ ಕೆಲಸ ನನಗೆ ಬಂತು. ಪ್ರತಿ ವರ್ಷ ಅವನ ಕೆನ್ನೆ ಮುಟ್ಟುವಾಗ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಪ್ರತಿ ವರ್ಷ ಹೋಳಿಗೆ ಕೊಟ್ಟು ಸುಮ್ಮನಾಗುತ್ತಿದ್ದೆ.

ಸುಮ್ಮನಾದದ್ದು ಆ ವಿಷಯದಲ್ಲಿ ಮಾತ್ರ. ಉಳಿದ ಕಾಲದಲ್ಲಿ ನಾನು ಅವನ ಮೇಲೆಯೇ ಅರ್ಜಿ ಬರೆಯುತ್ತಿದ್ದೆ. ಪ್ರಾಥಮಿಕ ಶಾಲೆಯ ಶಿಕ್ಷಕಿ, ಅಕ್ಷರ ದುಂಡಗೆ, ಓಣಿಯವರ ಒತ್ತಾಯ ಬೇರೆ. "ನಮ್ಮ ಓಣಿಗೆ ಯಾವಾಗಲೂ ಎಲ್ಲರಿಗಿಂತ ಕಡೆಯಲ್ಲಿ ನೀರು ಬಿಡುತ್ತಿರುವ ಬಗ್ಗೆ" ಎಂಬ ವಿಷಯದ ಮೇಲೆ ಪ್ರತಿ ವಸಂತಕ್ಕೆ ಒಂದು. ಪ್ರತಿ ಸಲವೂ ಒಂದೇ ಉತ್ತರ: "ತಾಂತ್ರಿಕ ಕಾರಣದಿಂದ ತಮ್ಮ ಓಣಿಗೆ ಕೊನೆಯಲ್ಲಿ ನೀರು ಪೂರೈಸಲಾಗುತ್ತಿದೆ ಎಂದು ತಿಳಿಯಪಡಿಸಲಾಗಿದೆ." ನಮ್ಮ ಓಣಿ ಎತ್ತರದಲ್ಲೂ ಇಲ್ಲ, ತಗ್ಗಿನಲ್ಲೂ ಇಲ್ಲ, ನೀರಿನ ಟಾಕಿಯಿಂದ ದೂರವೂ ಇಲ್ಲ. ಆ ಕಾರಣ ಯಾವುದೆಂದು ನನಗೆ ಎಂದೂ ತಿಳಿಯಲಿಲ್ಲ.

ಹೋದ ವರ್ಷ ಮಕ್ತುಮಸಾಬನೂ ನಾನೂ ಒಂದೇ ಬೇಸಿಗೆಯಲ್ಲಿ ನಿವೃತ್ತರಾದೆವು. ದೀಪಾವಳಿಯ ಹೊತ್ತಿಗೆ ಹೊಸ ಪೈಪು ಬಂತು, ಮನೆಮನೆಗೆ ಮೀಟರು ಬಂತು, ನಿಲ್ಲದ ನೀರು ಬಂತು. ಓಣಿಯ ಬಾಯಿಯ ಗುಂಡಿಯನ್ನು ಕಾಂಕ್ರೀಟು ಹಾಕಿ ಮುಚ್ಚಿದರು. ನಾವೆಲ್ಲ ಪೇಡೆ ಹಂಚಿದೆವು, ನಾನು ಸವದತ್ತಿಯ ತಂಗಿಗೆ ಫೋನು ಮಾಡಿ ನಳದ ಸಪ್ಪಳವನ್ನೇ ಕೇಳಿಸಿದೆ.

ಈ ವರ್ಷ ಬಣ್ಣದ ದಿನ ನೀರಿನ ವೇಳೆ ಸಾರಲು ಆಟೋ ಬರಲಿಲ್ಲ. ಹನ್ನೊಂದಕ್ಕೇ ಬಣ್ಣ ಮುಗಿಯಿತು. ಯಾರಿಗೆ ಸಾಕೆನಿಸಿತೋ ಅವರು ಒಳಗೆ ಹೋಗಿ ಮಿಂದರು. ಯಾರೂ ಯಾರಿಗಾಗಿಯೂ ಕಾಯಲಿಲ್ಲ. ನಾನೂ ಮಿಂದು, ಬಣ್ಣದ ಬಟ್ಟೆಗಳನ್ನು ಬಕೆಟ್‌ನಲ್ಲಿ ನೆನೆಹಾಕಿ, ಹೋಳಿಗೆ ಊಟ ಮಾಡಿ, ಎರಡರ ಸುಮಾರಿಗೆ ಬಾಗಿಲು ಹಾಕಿಕೊಳ್ಳಲು ಹೊರಗೆ ಬಂದೆ. ಕಟ್ಟೆಯ ಮೇಲೆ ಮಕ್ತುಮಸಾಬ ಕೂತಿದ್ದ. ಬಿಳಿ ಅಂಗಿ, ಬಿಳಿ ಪಾಯಿಜಾಮ. ಹೆಗಲ ಮೇಲೆ ಚಾವಿ ಇಲ್ಲ.

"ಏನ್ ಮಕ್ತುಮಣ್ಣ, ಯಾವಾಗ ಬಂದ್ರಿ?"

"ಸುಮ್ನ ಬಂದೇನ್ರಿ ಅಕ್ಕಾರ. ಎರಡಾತಲ್ರಿ, ಕಾಲು ತಾವ ಈ ಕಡೆ ಬಂದ್ವು."

ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಅವನ ಎರಡೂ ಕೆನ್ನೆ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ ಇದ್ದವು. ಒಳಗೆ ಓಡಿ ಬಣ್ಣ ಹುಡುಕಿದೆ, ಪುಡಿಕೆಗಳೆಲ್ಲ ಬರಿದು. ಕಡೆಗೆ ಬಟ್ಟೆ ನೆನೆಹಾಕಿದ ಬಕೆಟ್‌ ಕಂಡಿತು. ನೀರು ನೇರಳೆಯಾಗಿತ್ತು. ಅದನ್ನೇ ಎತ್ತಿಕೊಂಡು ಬಂದೆ. ಅವನು ಕೆನ್ನೆ ಹಿಂದೆ ಸರಿಸಿದ.

"ಬ್ಯಾಡ್ರಿ ಅಕ್ಕಾರ. ಈ ಸಲ ನಾ ನೀರು ಬಿಟ್ಟಿಲ್ಲ. ಬಿಡಲಾರದ ಹಚ್ಚಿಸಿಕೊಂಡ್ರ ನಿಮ್ಮ ಅತ್ತೀಯಾರ ಮಾತು ಮೀರಿದಂಗ ಆಕ್ಕೈತಿ."

ನಗುತ್ತಲೇ ಹೇಳಿದ. ಆದರೆ ಟೊಪ್ಪಿಗೆ ತೆಗೆದಿರಲಿಲ್ಲ. ನಾನು ಬಕೆಟ್ ಕೆಳಗಿಟ್ಟು ಗೇಟಿನ ಪಕ್ಕದ ಮೀಟರಿನ ಬಳಿ ಹೋದೆ, ಅದರ ಪುಟ್ಟ ಹಿಡಿಯನ್ನು ತಿರುವಿ ನೀರು ಬಂದ್ ಮಾಡಿದೆ. ಮಾಳಿಗೆಯ ಮೇಲಿನ ಟಾಕಿ, ಬಚ್ಚಲಿನ ಬ್ಯಾರಲ್ ಎರಡನ್ನೂ ನಾವು ಹಬ್ಬಕ್ಕೆಂದು ತೊಳೆದು ಬರಿದು ಮಾಡಿದ್ದೆವು. ಮತ್ತೆ ಅದೇ ಖಯಾಲಿ! ಬಚ್ಚಲಲ್ಲಿ ನಮ್ಮ ಮನೆಯವರು ಕಿವಿಯ ಬಣ್ಣ ಹೋಗಲಿಲ್ಲವೆಂದು ಎರಡನೆಯ ಸಲ ಸಾಬೂನು ಹಚ್ಚಿಕೊಂಡು ಕೂತಿದ್ದರು.

"ಏ, ನೀರು ಯಾಕ ಹೋದ್ವು? ಕಣ್ಣಾಗ ಸಾಬಾಣ ಹೊಕ್ಕೈತಿ!" ಎಂದು ಒಳಗಿನಿಂದ ಕೂಗಿದರು.

"ಮಕ್ತುಮಣ್ಣ, ನಮ್ಮ ಮನ್ಯಾಗ ನೀರಿಲ್ಲ. ಬಿಡ್ರಿ" ಎಂದೆ.

ಅವನು ನನ್ನನ್ನು ನೋಡಿದ, ಮೀಟರನ್ನು ನೋಡಿದ. ನಿಧಾನವಾಗಿ ಎದ್ದು ಅಂಗಿಯ ತೋಳು ಮಡಚಿದ. ಎರಡು ಬೆರಳಿಗೆ ತಿರುಗುವ ಹಿಡಿ ಅದು. ಅವನು ಮೊಣಕಾಲೂರಿ ಕೂತು, ಎರಡೂ ಕೈಯಿಂದ ಹಿಡಿದು, ಕಿವಿಯನ್ನು ಪೈಪಿಗೆ ವಾಲಿಸಿ, ಮೊದಲಿನ ಹಾಗೆಯೇ ಸಾವಕಾಶವಾಗಿ ತಿರುವಿದ. ಒಳಗಿನಿಂದ "ಬಂತು! ನೀರು ಬಂತು!" ಎಂದು ಕೂಗು ಕೇಳಿತು. ಆ ಕೂಗಿಗೆ ಎದುರು ಮನೆಯ ಶಾಂತವ್ವ ನಿದ್ದೆಗಣ್ಣಿನಲ್ಲಿ ಕೊಡ ಹಿಡಿದು ಹೊರಗೆ ಓಡಿಬಂದಳು. ಬಂದು ನಿಂತು, ಕೊಡವನ್ನೂ ನಮ್ಮನ್ನೂ ನೋಡಿ, ತನಗೆ ತಾನೇ ನಕ್ಕಳು.

ಮಕ್ತುಮಸಾಬ ಕಟ್ಟೆಗೆ ಬಂದು ಕೂತು ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡ. ನಾನು ಬಕೆಟ್‌ನಲ್ಲಿ ಕೈ ಅದ್ದಿ ಎರಡೂ ಕೆನ್ನೆಗೆ ಹಚ್ಚಿದೆ. ಅದೇ ನೇರಳೆ. ಒಳಗಿನಿಂದ ಹೋಳಿಗೆ ತಂದು ಕೈಗೆ ಕೊಟ್ಟೆ. ಇನ್ನು ತಡೆಯಲಾಗಲಿಲ್ಲ.

"ಮಕ್ತುಮಣ್ಣ, ಆ ವರ್ಷ ಮಾಳಿಗಿ ಮ್ಯಾಲಿಂದ ನಿಮ್ಮ ಮ್ಯಾಲೆ ಬಣ್ಣ ಸುರುವಿದಾಕಿ ನಾನ. ಮೈದುನ ಅಂತ ತಿಳದಿದ್ದೆ. ತಪ್ಪಾತು."

"ಗೊತ್ತೈತ್ರಿ."

"ಗೊತ್ತೈತಿ? ಯಾವಾಗಿಂದ?"

"ಅವತ್ತಿಂದನ ರೀ. ನೀರು ಬಿಡಾಂವ ನಾನು. ಮ್ಯಾಲಿಂದ ಬಿದ್ದ ನೀರು ಯಾರ ಮನೀದು ಅಂತ ನನಗ ತಿಳಿಯೂದಿಲ್ಲೇನ್ರಿ?" ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, ಅಗಿದು ಮುಗಿಸಿ ಕೇಳಿದ. "ನಿಮ್ಮ ಅರ್ಜಿಗೆ ವರ್ಷಾ ತಾಂತ್ರಿಕ ಕಾರಣ ಅಂತ ಉತ್ತರ ಬರತಿತ್ತಲ್ರಿ?"

"ಹೂಂ, ಬರತಿತ್ತು."

"ಅದು ನೀವ ರೀ ಅಕ್ಕಾರ."

ಎಷ್ಟು ನಿಜ, ಎಷ್ಟು ಚೇಷ್ಟೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಣ್ಣದ ಕೆನ್ನೆಯನ್ನು ತೊಳೆಯದೆ ಹಾಗೆಯೇ ಓಣಿ ದಾಟಿ ಹೋದ. ಕಡೆಯ ಓಣಿ ಎಂದು ನಾನು ಎಷ್ಟು ಶಾಪ ಹಾಕಿದ್ದೆ! ಕಡೆಯವರಾದ್ದರಿಂದಲೇ ಕೆಲಸ ಮುಗಿಸಿದ ಮನುಷ್ಯ ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದ ಎಂಬುದು ಅಷ್ಟು ವರ್ಷ ಹೊಳೆಯಲಿಲ್ಲ. ಮೊದಲ ಓಣಿಯವರಿಗೆ ಸಿಕ್ಕಿದ್ದು ನೀರು ಮಾತ್ರ.

ಮೊನ್ನೆ ಕೂತು ಇನ್ನೊಂದು ಅರ್ಜಿ ಬರೆದಿದ್ದೇನೆ. ವಿಷಯ: ಬರುವ ವರ್ಷ ಬಣ್ಣದ ದಿನ ಮಧ್ಯಾಹ್ನ ಎರಡರವರೆಗೆ ಊರಿನ ನೀರು ನಿಲ್ಲಿಸಿ, ನಮ್ಮ ಓಣಿಗೆ ಎಲ್ಲರಿಗಿಂತ ಕಡೆಯಲ್ಲಿ ಬಿಡುವ ಬಗ್ಗೆ. ಕಾರಣ ಬರೆಯುವ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದೆ: ತಾಂತ್ರಿಕ.