ಬೆಳ್ಳುಳ್ಳಿ ಊರಿನ ಹೊಟ್ಟೆಬಾಕಿ

ಲಂಡನ್ನಿನ ಈ ಕ್ರೋಯ್ಡನ್ನಿನಲ್ಲಿ ನನ್ನನ್ನು ಯಾರೂ ತಿರುಗಿ ನೋಡುವುದಿಲ್ಲ. ಇಳಕಲ್ ಸೀರೆಯುಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಟ್ರ್ಯಾಮ್ ಹತ್ತಿದರೂ ಎಲ್ಲರ ಕಣ್ಣು ಅವರವರ ಫೋನಿನ ಮೇಲೆ. ಇಂಥ ನನ್ನನ್ನು ಒಂದು ಕಾಲದಲ್ಲಿ ಊರಿಗೆ ಊರೇ ನಿಂತು ನೋಡುತ್ತಿತ್ತು ಎಂದರೆ ಇಲ್ಲಿ ನಂಬುವವರು ಕಡಿಮೆ.

ನಮ್ಮವರು ಕೋಲ್ಡ್ ಸ್ಟೋರೇಜ್ ಯಂತ್ರಗಳ ಇಂಜಿನಿಯರ್. ಅವರ ಕಂಪನಿ ಎರಡು ವರ್ಷದ ಮಟ್ಟಿಗೆ ಅವರನ್ನು ಚೀನಾದ ಒಂದು ಸಣ್ಣ ಬೇಸಾಯದ ಊರಿಗೆ ಕಳಿಸಿತು. ಜೊತೆಗೆ ನಾನೂ ಹೊರಟೆ. ನಮ್ಮೊಂದಿಗಿದ್ದ ಅತ್ತೆ ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡಿನಲ್ಲಿದ್ದ ಮಗಳ ಮನೆಗೆ ಹೋದರು. ಚೀನಾದ ಆ ಊರಿನಲ್ಲಿ ಏನು ಬೆಳೆಯುತ್ತಾರೆ ಎಂದು ಅತ್ತೆ ಕೇಳಿದ್ದಕ್ಕೆ ನಮ್ಮವರು ಕಾಯಿಪಲ್ಲೆ ಎಂದು ತೇಲಿಸಿಬಿಟ್ಟರು. ಅದು ಬೆಳ್ಳುಳ್ಳಿಯ ಊರು. ಹೊಲದಲ್ಲಿ ಬೆಳ್ಳುಳ್ಳಿ, ಗೋದಾಮಿನಲ್ಲಿ ಬೆಳ್ಳುಳ್ಳಿ, ಬೇಸಿಗೆಯಲ್ಲಿ ರಸ್ತೆಯ ಮೇಲೆಲ್ಲ ಒಣಹಾಕಿದ ಬೆಳ್ಳುಳ್ಳಿ, ಬಸ್ಸಿನಲ್ಲಿ ಪಕ್ಕದವರ ಉಸಿರಿನಲ್ಲೂ ಅದೇ. ನಮ್ಮದೋ ಧಾರವಾಡದ ವೈಷ್ಣವ ಮನೆ. ಉಳ್ಳಾಗಡ್ಡಿಯೇ ಹೊಸ್ತಿಲು ದಾಟಿದ್ದಿಲ್ಲ. ನಿಜ ಹೇಳಿದ್ದರೆ ಅತ್ತೆ ಮಗನನ್ನು ಏರ್‌ಪೋರ್ಟಿನಿಂದಲೇ ವಾಪಸು ಕರೆಸುತ್ತಿದ್ದರು.

ಆ ಊರಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ವಿಧವೆ ಮಗಳೊಂದಿಗೆ ಇದ್ದಳು. ಬೆಳ್ಳುಳ್ಳಿ ಗೋದಾಮಿನಲ್ಲಿ ದುಡಿದು ನಿವೃತ್ತಳಾದವಳು. ಅವರ ಭಾಷೆಯಲ್ಲಿ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೆ, ಇಲ್ಲೂ ಅಕ್ಕ ಎಂದೇ ಬರೆಯುತ್ತೇನೆ. ನಾವು ಹೋದ ವಾರವೇ ಊಟಕ್ಕೆ ಕರೆದಳು. ನಾನು ಮಾಂಸ ತಿನ್ನುವುದಿಲ್ಲವೆಂದು ಕೈಸನ್ನೆಯಲ್ಲಿ ತಿಳಿಸಿದ್ದೆ. ಅದಕ್ಕೇ ಎಲೆಕೋಸು, ಬದನೆಕಾಯಿ, ತೋಫು ಮಾಡಿದ್ದಳು, ಎಲ್ಲಕ್ಕೂ ಬೆಳ್ಳುಳ್ಳಿ ಸುರಿದಿದ್ದಳು. ಕಣ್ಣು ಮುಚ್ಚಿ ನುಂಗಿದೆ. ರುಚಿಯಾಗಿತ್ತು, ಏನು ಮಾಡಲಿ.

ಫಜೀತಿ ಶುರುವಾದದ್ದು ಆಮೇಲೆ. ಬಡಿಸಿದ್ದರಲ್ಲಿ ಒಂದು ಅಗುಳೂ ಬಿಡಬಾರದು ಎಂದು ಬೈಸಿಕೊಂಡು ಬೆಳೆದವಳು ನಾನು. ಬಟ್ಟಲು ಚೊಕ್ಕ ಮಾಡಿಟ್ಟೆ. ಅಕ್ಕ ತಕ್ಷಣ ತುಂಬಿದಳು. ಮತ್ತೆ ಚೊಕ್ಕ ಮಾಡಿದೆ, ಮತ್ತೆ ತುಂಬಿದಳು. ಸಾಕೆಂದು ಅಂಗೈ ಅಡ್ಡ ಹಿಡಿದರೆ ಅಂಗೈ ಸರಿಸಿ ಬಡಿಸಿದಳು. ನಮ್ಮಲ್ಲೂ ಸಾಕು ಎಂಬ ಮಾತನ್ನು ಮೊದಲ ಸಲಕ್ಕೆ ಯಾರು ನಂಬುತ್ತಾರೆ? ಮೆಟ್ಟಿಲು ಹತ್ತಿ ಮನೆ ಸೇರುವಷ್ಟರಲ್ಲಿ ಏದುಸಿರು ಬಂದಿತ್ತು.

ತಿಂಗಳೊಳಗೆ ನಾನು ಊರಿನಲ್ಲಿ ಹೊಟ್ಟೆಬಾಕಿ ಎಂದು ಪ್ರಸಿದ್ಧಳಾದೆ. ಸಂತೆಯಲ್ಲಿ ತರಕಾರಿಯವಳು ಒಂದು ಮೂಲಂಗಿ ಹೆಚ್ಚಿಗೆ ಹಾಕಿ ನನ್ನ ಬೆನ್ನು ಸವರುತ್ತಿದ್ದಳು. ಕೊನೆಗೆ ಕಾರ್ಖಾನೆಯ ಮೇಲಧಿಕಾರಿ ನಮ್ಮವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡು, ಮನೆಯಲ್ಲಿ ಹೆಂಡತಿಗೆ ಊಟಕ್ಕೇನಾದರೂ ಕೊರತೆಯೇ ಎಂದು ಬಹಳ ನಾಜೂಕಾಗಿ ವಿಚಾರಿಸಿದನಂತೆ. ನಮ್ಮವರು ಅವನು ಕೊಟ್ಟ ಒಂದು ಚೀಲ ಹಬೆಯಲ್ಲಿ ಬೇಯಿಸಿದ ಬನ್ನು ಹೊತ್ತುಕೊಂಡು ಕೆಂಪು ಮುಖ ಮಾಡಿಕೊಂಡು ಮನೆಗೆ ಬಂದರು. ಅವರ ದುಭಾಷಿಯೇ ಗುಟ್ಟು ಬಿಡಿಸಿ ಹೇಳಿದ್ದು: ಇಲ್ಲಿ ಬಟ್ಟಲು ಖಾಲಿಯಾದರೆ ಇನ್ನೂ ಹಸಿವಿದೆ ಎಂದರ್ಥ, ಹೊಟ್ಟೆ ತುಂಬಿದವರು ತುಸು ಬಿಡಬೇಕು. ಗೊತ್ತಾದ ಮೇಲೂ ಅನ್ನ ಬಿಡಲು ನನಗೆ ಕೈ ಬರಲಿಲ್ಲ. ಹೀಗಾಗಿ ಎರಡೂ ವರ್ಷ ತಿನ್ನುತ್ತಲೇ ಇದ್ದೆ. ಭಾಷೆ ಬಾರದ ಊರಿನಲ್ಲಿ ಒಂಟಿ ಎನಿಸಿದಾಗಲೆಲ್ಲ ಕೆಳಗಿಳಿದು ಅಕ್ಕನ ಅಡುಗೆಮನೆಯಲ್ಲಿ ಕೂಡುತ್ತಿದ್ದೆ. ಪರದೇಶದವಳು ಎಂದು ನನಗೆ ನೆನಪೇ ಆಗದ ಜಾಗ ಅದೊಂದೇ.

ಕಳೆದ ಬೇಸಿಗೆಯಲ್ಲಿ ಆ ಅಕ್ಕ ಲಂಡನ್ನಿಗೆ ಬಂದಳು. ಮಗಳು ಅಕ್ಸ್‌ಬ್ರಿಡ್ಜ್‌ನಲ್ಲಿ ಓದು ಮುಗಿಸಿದ್ದಳು, ಪದವಿ ಪ್ರದಾನ ನೋಡಲು ತಾಯಿ ಬಂದಿದ್ದಳು. ಊಟಕ್ಕೆ ಕರೆಯಲೇಬೇಕಿತ್ತು. ಅಷ್ಟರಲ್ಲಿ ಅತ್ತೆ ನಮ್ಮ ಫ್ಲ್ಯಾಟಿಗೆ ಮರಳಿದ್ದರು, ಅಡುಗೆಮನೆಯ ಕಾರುಬಾರು ಅವರದೇ.

"ಬರ್ಲಿ, ಬ್ಯಾಡ ಅನ್ನೂದಿಲ್ಲ. ಬಡಸ್ತೀನಿ," ಎಂದರು. "ಆದ್ರ ಆಕಿ ಪಂಕ್ತಿಗೆ ನಾ ಕೂಡೂದಿಲ್ಲ."

ನನಗೆ ಸಂಕಟವಾಯಿತು. ತನ್ನ ಮನೆಯಲ್ಲಿ ನನ್ನನ್ನು ಒಂದು ದಿನವೂ ಹೊರಗಿನವಳೆಂದು ಕಾಣದವಳು ನನ್ನ ಮನೆಯಿಂದ ಹೊರಗಿನವಳಾಗಿ ಹೋಗಬಾರದು, ಇಷ್ಟೇ ನನ್ನ ಆಸೆ. ಪಂಕ್ತಿಯ ವಿಷಯದಲ್ಲಿ ಅತ್ತೆಯನ್ನು ಒಪ್ಪಿಸುವುದು ನನ್ನಿಂದಾಗುವ ಕೆಲಸವಲ್ಲ. ತಟ್ಟೆಯ ವಿಷಯದಲ್ಲಾದರೂ ರಗಳೆಯಾಗದಿರಲಿ ಎಂದು ಹಿಂದಿನ ದಿನ ಅತ್ತೆಗೆ ಪಾಠ ಮಾಡಿದೆ. ಅವಳು ತುಸು ಬಿಟ್ಟರೆ ಅನ್ನಕ್ಕೆ ಅವಮಾನ ಮಾಡಿದಳೆಂದು ಸಿಟ್ಟಾಗಬೇಡಿ, ಹೊಟ್ಟೆ ತುಂಬಿತೆಂದರ್ಥ, ತಟ್ಟೆ ಖಾಲಿಯಾದರೆ ಮಾತ್ರ ಇನ್ನೂ ಹಸಿವು ಎಂದು ತಿಳಿಯಿರಿ ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಅಕ್ಕನ ಮಗಳಿಗೂ ಫೋನು ಮಾಡಿ, ನಮ್ಮ ಮನೆಯಲ್ಲಿ ಅನ್ನ ಬಿಟ್ಟರೆ ಹಿರಿಯರಿಗೆ ನೋವಾಗುತ್ತದೆ, ಅಮ್ಮನಿಗೆ ಹೇಳಿಡು ಎಂದೆ.

ಇಬ್ಬರೂ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಅಕ್ಕ ಅನ್ನ ಸಾರನ್ನು ಒರೆಸಿಟ್ಟಂತೆ ಮುಗಿಸಿದಳು. ಖಾಲಿ ತಟ್ಟೆ ಕಂಡ ಅತ್ತೆ ಪಾಪ, ಹಸಿದಾಳ ಎಂದು ಹೋಳಿಗೆ ಹಾಕಿದರು. ಅಕ್ಕ ಮುಗಿಸಿದಳು. ಅತ್ತೆ ಮತ್ತೊಂದು ಹಾಕಿ ಮೇಲೆ ತುಪ್ಪ ಸುರಿದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿದ್ದವಳು ಅಕ್ಕ. ನಮ್ಮವರು ಕೆಮ್ಮು ಬಂದವರಂತೆ ಬಾಲ್ಕನಿಗೆ ಎದ್ದು ಹೋದರು, ಅಲ್ಲಿಂದ ನಗು ಕೇಳಿಸುತ್ತಿತ್ತು. ನನಗೂ ನಗು ತಡೆಯುವುದು ಕಷ್ಟವಾಗಿತ್ತು, ಎರಡು ವರ್ಷದ ಸೇಡು ತಾನಾಗಿ ತೀರುತ್ತಿತ್ತಲ್ಲ.

ನಾಲ್ಕನೆಯ ಹೋಳಿಗೆ ಅರ್ಧವಾದಾಗ ಅಕ್ಕನ ಹಣೆಯ ಮೇಲೆ ಬೆವರು ಒಡೆಯಿತು. ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತುಹೋಯಿತು. ನನ್ನ ನಗು ಇಳಿಯಿತು. ಅತ್ತೆ ಅವಳ ಮುಖವನ್ನೇ ನೋಡಿದರು, ಆಮೇಲೆ ನನ್ನನ್ನು.

"ನೀ ಏನ ಹೇಳಿಟ್ಟಿ ಆಕಿಗೆ?"

ಹೇಳಿದ್ದನ್ನೆಲ್ಲ ಒಪ್ಪಿಕೊಂಡೆ. ಅತ್ತೆ ಬೈಯಲಿಲ್ಲ. ಆ ಅರ್ಧ ಹೋಳಿಗೆಯನ್ನು ನಾನೇ ತಿಂದು ಮುಗಿಸೋಣವೆಂದು ಕೈ ಚಾಚಿದೆ. ಅತ್ತೆ ನನ್ನ ಕೈ ಸರಿಸಿದರು.

"ನೀ ಸುಮ್ನಿರು. ಆಕಿ ಮನ್ಯಾಗ ಎರಡ ವರ್ಷ ಉಂಡೀದಿ."

ಅಕ್ಕನ ತಟ್ಟೆಯಿಂದ ಆ ಅರ್ಧ ಹೋಳಿಗೆಯನ್ನು ಅತ್ತೆಯೇ ಎತ್ತಿಕೊಂಡರು. ಹೆತ್ತ ಮಗ ಕಚ್ಚಿಬಿಟ್ಟ ಹಣ್ಣನ್ನೂ ಎಂಜಲೆಂದು ಮುಟ್ಟದ ಹೆಂಗಸು ಅವರು. ನಿಂತು ತಿನ್ನಬಾರದೆಂದು ಅಕ್ಕನ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು, ನಿಧಾನವಾಗಿ ತಿಂದರು. ಬಾಲ್ಕನಿಯ ಬಾಗಿಲಲ್ಲಿ ನಮ್ಮವರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಅಮ್ಮನಿಗೆ ಏನೆಂದು ಹೇಳಲಿ ಎಂದು ಅಕ್ಕನ ಮಗಳು ಕೇಳಿದಳು, ಏನೂ ಹೇಳಬೇಡವೆಂದು ತಲೆಯಾಡಿಸಿದೆ.

ಅಕ್ಕನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಪಕ್ಕದಲ್ಲಿ ಕೂತವರ ಮುಂದೆ ತಟ್ಟೆಯೇ ಇಲ್ಲದ್ದನ್ನು ಕಂಡು ಒಂದು ತಟ್ಟೆ ಎಳೆದಿಟ್ಟು, ಎಂಜಲು ಕೈಯಿಂದಲೇ ಡಬ್ಬಿಯೊಳಗಿನ ಹೋಳಿಗೆ ತೆಗೆದು ಅತ್ತೆಗೆ ಬಡಿಸಿದಳು. ಅತ್ತೆ ಒಂದು ಗಳಿಗೆ ಆ ಕೈಯನ್ನೇ ನೋಡಿದರು. ಆಮೇಲೆ ತುಪ್ಪ ಕೇಳಿದರು.